ಚಿನ್ನಿಯ ಗಂಟು, ಮನೆಯ ಲೆಕ್ಕ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

"ನಮ್ಮ ಪೊಮೆರೇನಿಯನ್ ಚಿನ್ನಿಗೆ 10 ವರ್ಷ. ಸಂತಾನಹರಣ ಆಪರೇಷನ್ ಮಾಡಿಸಿಲ್ಲ. ದೀಪಾವಳಿ ಹೊತ್ತಿಗೆ ಮೊಲೆಯ ಪಕ್ಕ ಅಡಿಕೆಯಷ್ಟಿದ್ದ ಗಂಟು ಈಗ ನಿಂಬೆಹಣ್ಣಿನಷ್ಟಾಗಿದೆ. ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಆಮೇಲೆ ಆಪರೇಷನ್ ಅಂದರು ಡಾಕ್ಟರು. ಎಲ್ಲ ಸೇರಿ 25 ಸಾವಿರ ಆಗಬಹುದಂತೆ. ಗಂಟಿರುವುದು ಹೊಟ್ಟೆಯ ಕೆಳಗೆ, ಎದೆಗ್ಯಾಕೆ ಎಕ್ಸ್‌ರೇ, ದುಡ್ಡು ಹೊಡೆಯೋಕೆ ಅನ್ನುತ್ತಾನೆ ಮೈದುನ. ಈ ವಯಸ್ಸಲ್ಲಿ ಅದರ ಮೈಗೆ ಕತ್ತರಿ ಹಾಕಿಸಬೇಡಿ ಅನ್ನುತ್ತಾರೆ ಅತ್ತೆ. ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ. ಮೊನ್ನೆ ಚಿನ್ನಿ ಕುಂಟುತ್ತಿದ್ದಳೆಂದು ಅರ್ಧ ಡೋಲೋ ಕೊಟ್ಟೆವು. ನಾಯಿಗೆ ಎಷ್ಟು ಖರ್ಚು ಮಾಡುವುದು ಸರಿ? ಹೀಗೆ ಲೆಕ್ಕ ಹಾಕುವುದೇ ತಪ್ಪಾ?"

ಸೋದರಿ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ತಪ್ಪಲ್ಲ. ಮಗಳ ಸ್ಕೂಲ್ ಫೀಸು, ಅತ್ತೆಯ ಮಾತ್ರೆ, ಮನೆ ಸಾಮಾನು ಎಲ್ಲವೂ ಒಂದೇ ಸಂಬಳದಲ್ಲಿ ಸಾಗಬೇಕಾದ ಮನೆಯಲ್ಲಿ ನಾಯಿಯ ಖರ್ಚಿಗೂ ಒಂದು ಮಿತಿ ಇರಬೇಕು. ಆದರೆ ನೀವು 25 ಸಾವಿರವನ್ನು ಒಂದೇ ಗಂಟಾಗಿ ನೋಡುತ್ತಿದ್ದೀರಿ. ಅದನ್ನು ಬಿಚ್ಚಿ ನೋಡಿ. ಒಂದೊಂದು ಪರೀಕ್ಷೆಗೂ ಡಾಕ್ಟರನ್ನು ಕೇಳಿ: "ಇದು ಹೀಗೆ ಬಂದರೆ ಏನು ಮಾಡ್ತೀರಿ ಸಾರ್, ಹಾಗೆ ಬಂದರೆ ಏನು ಮಾಡ್ತೀರಿ?" ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆಯನ್ನು ಬಿಡಬಹುದು.

ಹೀಗೆ ಕೇಳಿದರೆ, ನಿಮ್ಮ ಮೈದುನ ಬೇಡವೆನ್ನುವ ಎದೆಯ ಎಕ್ಸ್‌ರೇಯೇ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಬೇಕಾದದ್ದು. ಸಂತಾನಹರಣ ಆಗದ ಹೆಣ್ಣುನಾಯಿಗಳಿಗೆ ವಯಸ್ಸಾದ ಮೇಲೆ ಮೊಲೆಯ ಗಡ್ಡೆ ಬರುವುದು ತುಂಬ ಸಾಮಾನ್ಯ. ಹೆಚ್ಚುಕಡಿಮೆ ಅರ್ಧದಷ್ಟು ಗಡ್ಡೆಗಳಿಂದ ಅಪಾಯವಿಲ್ಲ, ಉಳಿದವು ಕ್ಯಾನ್ಸರ್. ಕ್ಯಾನ್ಸರ್ ಆಗಿದ್ದರೆ ಅದು ಹರಡುವ ಮುಖ್ಯ ಜಾಗಗಳಲ್ಲಿ ಶ್ವಾಸಕೋಶವೂ ಒಂದು. ಅಲ್ಲಿ ಆಗಲೇ ಗಂಟುಗಳು ಕಂಡರೆ ಕೆಳಗಿನ ಗಡ್ಡೆ ತೆಗೆದು ಚಿನ್ನಿಯನ್ನು ಗುಣಪಡಿಸಲು ಆಗುವುದಿಲ್ಲ. ಆಗ ಆಪರೇಷನ್ನಿನ ಖರ್ಚು, ನೋವು ಎರಡೂ ತಪ್ಪುತ್ತವೆ. ಶ್ವಾಸಕೋಶ ಸ್ವಚ್ಛವಾಗಿದ್ದರೆ ಧೈರ್ಯವಾಗಿ ಮುಂದೆ ಹೋಗಬಹುದು. ತೀರಾ ಸಣ್ಣ ಗಂಟುಗಳು ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳುವುದುಂಟು. ಅದಕ್ಕೇ ಎರಡು ಮೂರು ಕೋನಗಳಿಂದ ತೆಗೆಯುತ್ತಾರೆ. ಮೂರು ಫಿಲಂ ಕಂಡು ಮೈದುನ ಮತ್ತೆ ಗೊಣಗಿದರೆ ಇದನ್ನು ಓದಿಸಿ.

ರಕ್ತ ಪರೀಕ್ಷೆಯೂ ಬೇಕು. ಅರಿವಳಿಕೆ ಕೊಡುವ ಮುಂಚೆ ಮೂತ್ರಪಿಂಡ, ಲಿವರ್ ಹೇಗಿವೆ, ರಕ್ತ ಎಷ್ಟಿದೆ ಎಂದು ತಿಳಿಯಬೇಕು. ನಮ್ಮ ಕಡೆ ನಾಯಿಗಳಿಗೆ ಉಣ್ಣೆಯಿಂದ ಬರುವ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದುಹೋಗಿರುತ್ತದೆ. ಹೊರಗೆ ಏನೂ ಕಾಣದ ನಾಯಿಗೂ ಹೀಗಾಗಿರಬಹುದು. ಅಂಥ ನಾಯಿಯನ್ನು ಆಪರೇಷನ್ ಟೇಬಲ್ ಮೇಲೆ ಮಲಗಿಸಿದರೆ ರಕ್ತ ನಿಲ್ಲಿಸುವುದೇ ಕಷ್ಟವಾದೀತು.

ಇನ್ನು ಹೃದಯದ ಸ್ಕ್ಯಾನು. ನಿಮ್ಮ ಪಟ್ಟಿಯಲ್ಲಿ ಅದಿಲ್ಲ. ಸಣ್ಣ ಜಾತಿಯ ನಾಯಿಗಳಿಗೆ ವಯಸ್ಸಾದಂತೆ ಹೃದಯದ ಕವಾಟ ಸಡಿಲಾಗುವುದುಂಟು. ಸ್ಟೆತಾಸ್ಕೋಪಿನಲ್ಲಿ ಬೇರೆ ಸದ್ದು ಕೇಳಿದರೆ ಆ ಸ್ಕ್ಯಾನಿಗೆ ಅರ್ಥವಿದೆ, ಸದ್ದಿಲ್ಲದಿದ್ದರೆ ನಿಮ್ಮಂಥ ಬಜೆಟ್ಟಿನಲ್ಲಿ ಬಿಡಬಹುದು. ಚಿನ್ನಿ ಓಡಾಡುವಾಗ ಹೆಬ್ಬಾತು ಕೂಗಿದ ಹಾಗೆ ಕೆಮ್ಮುತ್ತಾಳಾ? ಹಾಗಿದ್ದರೆ ತಪ್ಪದೆ ಹೇಳಿ. ಪೊಮೆರೇನಿಯನ್‌ಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆ ಹೆಚ್ಚು. ಅರಿವಳಿಕೆ ಕೊಡುವವರಿಗೆ ಅದು ಮೊದಲೇ ಗೊತ್ತಿರಬೇಕು.

ಅತ್ತೆಯವರ ಮಾತನ್ನು ತಳ್ಳಿಹಾಕಲಾರೆ, ಒಪ್ಪಲೂ ಆರೆ. ಅರಿವಳಿಕೆಯ ಅಪಾಯವನ್ನು ವಯಸ್ಸೊಂದೇ ನಿರ್ಧರಿಸುವುದಿಲ್ಲ. ಹೃದಯ, ಮೂತ್ರಪಿಂಡ ಸರಿಯಿದ್ದ 10 ವರ್ಷದ ಪೊಮೆರೇನಿಯನ್ ಆಪರೇಷನ್ ಮಾಡಿಸಿಕೊಂಡು ಇನ್ನೂ ಹಲವು ವರ್ಷ ಬಾಳಬಹುದು. ಆಪರೇಷನ್ ಬೇಡವೆಂದರೆ ಚಿನ್ನಿ ಈಗಿರುವಂತೆಯೇ ಇರುತ್ತಾಳೆ ಎಂದು ಅವರು ಅಂದುಕೊಂಡಂತಿದೆ. ಬೆಳೆಯುವ ಗಡ್ಡೆ ಒಂದು ದಿನ ನೆಲಕ್ಕೆ ಉಜ್ಜಿ ಒಡೆಯಬಹುದು. ನಮ್ಮ ಸೆಕೆಗೆ, ನೊಣಕ್ಕೆ ಆ ಹುಣ್ಣಿನಲ್ಲಿ ಹುಳ ಬೀಳಲು ಹೆಚ್ಚು ದಿನ ಬೇಕಿಲ್ಲ. ಹಳ್ಳಿಯಲ್ಲಿ ದನಕರು ನೋಡಿದವರಾದರೆ ಅತ್ತೆಯವರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಆ ಸ್ಥಿತಿಯಲ್ಲಿ ಆಪರೇಷನ್ ಇನ್ನೂ ದೊಡ್ಡದಾಗುತ್ತದೆ, ಖರ್ಚೂ ಹೆಚ್ಚುತ್ತದೆ. ಅಳತೆಯದೂ ಒಂದು ಮಾತಿದೆ. 3 ಸೆಂಟಿಮೀಟರಿಗಿಂತ ಚಿಕ್ಕದಿರುವಾಗಲೇ ತೆಗೆದ ಗಡ್ಡೆ ಕ್ಯಾನ್ಸರ್ ಆಗಿದ್ದರೂ ನಾಯಿ ಚೆನ್ನಾಗಿ ಬದುಕುವ ಸಾಧ್ಯತೆ ಹೆಚ್ಚು. ಅಡಿಕೆಯಿಂದ ನಿಂಬೆಹಣ್ಣಿನವರೆಗೆ ಕಾದಿದ್ದೀರಿ, ಇನ್ನು ಕಾಯಬೇಡಿ.

ತೆಗೆದ ಗಂಟನ್ನು ಲ್ಯಾಬಿಗೆ ಕಳಿಸಲೇಬೇಕಾ? ಇಲ್ಲಿ ನನ್ನ ಅಭಿಪ್ರಾಯ ಪುಸ್ತಕದ ಉತ್ತರಕ್ಕಿಂತ ತುಸು ಬೇರೆ. ಕಳಿಸುವುದೇ ಒಳ್ಳೆಯದು. ಅಪಾಯವಿಲ್ಲದ ಗಂಟೆಂದು ತಿಳಿದರೆ ನೆಮ್ಮದಿ, ಕ್ಯಾನ್ಸರ್ ಎಂದಾದರೆ ಕೆಲವು ತಿಂಗಳಿಗೊಮ್ಮೆ ತೋರಿಸಬೇಕು. ಆದರೆ ಕೈ ತೀರಾ ಬಿಗಿಯಿದ್ದರೆ, ಕಿಮೊಥೆರಪಿ ಹೇಗೂ ಮಾಡಿಸುವುದಿಲ್ಲ ಎಂದು ನಿರ್ಧರಿಸಿದ್ದರೆ, ಈ ಒಂದನ್ನು ಬಿಟ್ಟು ತಪಾಸಣೆಗೆ ಮಾತ್ರ ತಪ್ಪದೆ ಹೋಗುತ್ತಿರಿ. ಆಪರೇಷನ್ ಜೊತೆಗೇ ಗರ್ಭಕೋಶ ತೆಗೆಯುವ ಮಾತನ್ನು ಮಾತ್ರ ನೀವೇ ಎತ್ತಿ. ಈ ವಯಸ್ಸಿನ ಹೆಣ್ಣುನಾಯಿಗಳಿಗೆ ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವುದುಂಟು. ವಿಪರೀತ ನೀರು ಕುಡಿಯುವುದು, ಮಂಕಾಗುವುದು, ಕೆಲವೊಮ್ಮೆ ಹಿಂದಿನಿಂದ ಕೀವು ಸೋರುವುದು ಅದರ ಲಕ್ಷಣ. ಅದು ಬಂದರೆ ರಾತ್ರೋರಾತ್ರಿ ಓಡಬೇಕಾಗುತ್ತದೆ.

ಮೈದುನನ ಅನುಮಾನ ಪೂರ್ತಿ ಹುರುಳಿಲ್ಲದ್ದೇನಲ್ಲ. ಬೇಡದ್ದನ್ನು ಬರೆಯುವವರು ಎಲ್ಲ ಕಸುಬಿನಲ್ಲೂ ಇದ್ದಾರೆ. ಆದರೆ ಮನೆಯಲ್ಲಿ ಕೂತು ಅನುಮಾನಪಟ್ಟರೆ ಗಂಟು ಬೆಳೆಯುತ್ತದೆ ಅಷ್ಟೆ. ಖರ್ಚಿನ ವಿವರವನ್ನು ಬಾಬತ್ತುವಾರು ಬರೆಸಿಕೊಳ್ಳಿ. "ನಮ್ಮಿಂದ ಇಷ್ಟೇ ಆಗೋದು, ಇದರಲ್ಲಿ ಯಾವುದು ಮೊದಲು?" ಎಂದು ಮುಚ್ಚಿಡದೆ ಕೇಳಿ. ನಾಚಿಕೊಳ್ಳುವ ಪ್ರಶ್ನೆ ಇದಲ್ಲ. ಒಳ್ಳೆಯ ಡಾಕ್ಟರಾದರೆ ಅದಕ್ಕೊಂದು ದಾರಿ ಹೇಳುತ್ತಾರೆ. ರಿಪೋರ್ಟು, ಫಿಲಂ ನಿಮ್ಮ ಕೈಯಲ್ಲಿರಲಿ. ಇನ್ನೊಬ್ಬರಿಗೆ ತೋರಿಸುವುದಾದರೆ ಮತ್ತೆ ದುಡ್ಡು ಕೊಟ್ಟು ತೆಗೆಸಬೇಕಿಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ನಿಮಗೆ ದೂರವೇನಲ್ಲ. ಬೆಂಗಳೂರಿನ ಹೆಬ್ಬಾಳ, ಹಾಸನ, ಬೀದರ್‌ಗಳಲ್ಲೂ ಇಂಥ ಕಾಲೇಜು ಆಸ್ಪತ್ರೆಗಳಿವೆ. ಅಲ್ಲಿ ಕಾಯಬೇಕಾಗಬಹುದು, ಆದರೆ ಸಾಮಾನ್ಯವಾಗಿ ಖಾಸಗಿಗಿಂತ ಖರ್ಚು ಕಡಿಮೆ. ಊರಿನ ಸರ್ಕಾರಿ ಪಶು ಆಸ್ಪತ್ರೆಯಲ್ಲೂ ವಿಚಾರಿಸಿ. ಆದರೆ ದನಗಳ ಕಾಲುಬಾಯಿ ರೋಗದ ಲಸಿಕೆಯ ದಿನಗಳಲ್ಲಿ ಡಾಕ್ಟರು ಹಳ್ಳಿಗಳಲ್ಲಿರುತ್ತಾರೆ, ಫೋನ್ ಮಾಡಿಕೊಂಡು ಹೋಗಿ. ಪೆಟ್ ಶಾಪಿನವರ ಕೈಯಲ್ಲಿ ಇಂಜೆಕ್ಷನ್ ಹಾಕಿಸುವುದು ಬೇಡವೇ ಬೇಡ. ಚಿಕಿತ್ಸೆ ಕೊಡುವವರು ಪಶುವೈದ್ಯ ಪದವಿ ಪಡೆದು ವೆಟರ್ನರಿ ಕೌನ್ಸಿಲ್‌ನಲ್ಲಿ ನೋಂದಣಿ ಆದವರಿರಬೇಕು.

ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಆ ಅರ್ಧ ಡೋಲೋ. 650 ಮಿಲಿಗ್ರಾಂನ ಆ ಪ್ಯಾರಾಸಿಟಮಾಲ್ ಮಾತ್ರೆ ದೊಡ್ಡ ಮನುಷ್ಯರ ತೂಕಕ್ಕೆ ಮಾಡಿದ್ದು. ಚಿನ್ನಿ 4 ಕೆಜಿ ಇದ್ದಾಳೆಂದರೆ ಅರ್ಧ ಮಾತ್ರೆಯಲ್ಲೇ ಕೆಜಿಗೆ 80 ಮಿಲಿಗ್ರಾಂ ಮೀರುತ್ತದೆ, ನಾಯಿಯ ಲಿವರಿಗೆ ಇದು ಅಪಾಯದ ಅಂಚು. ಕೊಟ್ಟಿದ್ದನ್ನು ಡಾಕ್ಟರಿಗೆ ಈಗಲೇ ಹೇಳಿ. ರಕ್ತ ಪರೀಕ್ಷೆಯಲ್ಲಿ ಲಿವರ್ ನೋಡುವಾಗ ಅವರಿಗೆ ಬೇಕಾಗುತ್ತದೆ. ಕಾಂಬಿಫ್ಲಾಮ್, ಬ್ರೂಫೆನ್, ವೊವೆರಾನ್ ಇನ್ನೂ ಕೆಟ್ಟವು, ಕರುಳಲ್ಲಿ ಹುಣ್ಣಾಗಿ ರಕ್ತ ಬೀಳುತ್ತದೆ, ಮೂತ್ರಪಿಂಡ ಕೆಡುತ್ತದೆ. ಬೆಕ್ಕು ಸಾಕಿದವರು ಓದುತ್ತಿದ್ದರೆ: ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ಬೆಕ್ಕಿನ ಜೀವ ತೆಗೆಯಬಲ್ಲದು. ಅಂದಹಾಗೆ ಪೊಮೆರೇನಿಯನ್ ಕುಂಟುವುದು ಹಲವು ಸಲ ಮಂಡಿಚಿಪ್ಪು ಜಾರಿದ್ದಕ್ಕೆ. ಹೋದಾಗ ಅದನ್ನೂ ತೋರಿಸಿ.

ಎಲ್ಲಿ ಉಳಿಸಬಹುದು ಎಂದರೆ ಟಾನಿಕ್ಕು, ಸುವಾಸನೆಯ ಶಾಂಪೂ, ಬಣ್ಣದ ಪ್ಯಾಕೆಟ್ಟಿನ ತಿಂಡಿಗಳಲ್ಲಿ. ರೇಬಿಸ್ ಲಸಿಕೆಯಲ್ಲಿ, ಉಣ್ಣೆಯ ಔಷಧಿಯಲ್ಲಿ ಉಳಿಸಬೇಡಿ.

ಎಕ್ಸ್‌ರೇಯಲ್ಲಿ ಶ್ವಾಸಕೋಶಕ್ಕೆ ಹರಡಿದ್ದು ಕಂಡರೆ? ಆಗ ಚಿನ್ನಿಗೆ ನೋವು ಕಡಿಮೆ ಮಾಡುವ ಮಾತ್ರೆ, ಹುಣ್ಣಾಗದಂತೆ ನೋಡಿಕೊಳ್ಳುವುದು, ಇಷ್ಟೇ ಚಿಕಿತ್ಸೆ. ಅದಕ್ಕೆ ಹೆಚ್ಚು ದುಡ್ಡು ಬೇಡ, ದಿನವೂ ಗಮನ ಬೇಕು. ಊಟ ಬಿಟ್ಟಳಾ, ಉಸಿರಿಗೆ ಕಷ್ಟಪಡುತ್ತಾಳಾ, ರಾತ್ರಿ ಮಲಗುತ್ತಾಳಾ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸವನ್ನು ಮಗಳಿಗೆ ಕೊಡಿ. ಕೆಟ್ಟ ದಿನಗಳೇ ಹೆಚ್ಚಾದಾಗ ದಯಾಮರಣದ ವಿಷಯವನ್ನು ಡಾಕ್ಟರ ಬಳಿ ಮಾತಾಡಿ. ಅತಿಯಾದ ಅರಿವಳಿಕೆಯಲ್ಲಿ ನಿದ್ದೆ ಹೋದಂತೆ ಹೋಗುತ್ತಾಳೆ. ಮಗಳಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ಮುಗಿಸಬೇಡಿ.

ಈ ಉತ್ತರದ ಒಂದು ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಅಂಚೆಗೂ ಹಾಕಿಸಿದ್ದೇನೆ. ಸಂಚಿಕೆ ಅಚ್ಚಾಗುವ ತನಕ ಎಕ್ಸ್‌ರೇ ಕಾಯಬಾರದು.

— ಸಂಪಾದಕ