ಹೌಸ್ ಸರ್ಜನ್ ಆಗಿ ಡೋಸ್ ತಪ್ಪು ಬರೆದೆ. ಯಾವ ಪುಸ್ತಕ ಓದಬೇಕು? ಕ್ಲಿನಿಕಲ್ ಬಿಟ್ಟುಬಿಡಲಾ?

ಎರಡೂ ಬೇಡ. ನೀವು ಇನ್ಸುಲಿನ್ 4 ಅಂತ ಬರೆದು ಪಕ್ಕದಲ್ಲಿ ಯೂನಿಟ್ ಅನ್ನೋಕೆ ಇಂಗ್ಲಿಷಿನ ಯು (U) ಅಕ್ಷರ ಹಾಕಿದ್ದೀರಿ, ಅದು ಸೊನ್ನೆ ಥರ ಕಂಡು 40 ಆಗಿದೆ, ಸಿಸ್ಟರ್ ಫೋನ್ ಮಾಡಿ ಕೇಳಿದ್ದಾರೆ. ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಏನಿತ್ತು? ಪುಸ್ತಕ ಏನು ಮಾಡುತ್ತೆ?

ನಾನು ಹೌಸ್ ಸರ್ಜನ್ ಆಗಿದ್ದಾಗಿನ ಕಥೆ ಕೇಳಿ. ನನಗೆ ಮೆಥೋಟ್ರೆಕ್ಸೇಟ್ ಅನ್ನೋ ಔಷಧಿ ಚೆನ್ನಾಗಿ ಗೊತ್ತಿತ್ತು. ಫೈನಲ್ ಇಯರ್ ವೈವಾದಲ್ಲಿ ಅದನ್ನೇ ಕೇಳಿದ್ದರು. ಸಂಧಿವಾತಕ್ಕೆ ವಾರಕ್ಕೊಮ್ಮೆ, ಜೊತೆಗೆ ಫೋಲಿಕ್ ಆಸಿಡ್ ಅಂತ ಪಟಪಟ ಹೇಳಿದ್ದೆ. ಹಾಗಿದ್ದೂ ಮೆಡಿಸಿನ್ ಪೋಸ್ಟಿಂಗ್‌ನಲ್ಲಿ ದಿನಾ ಕೊಡಿ ಅಂತ ಬರೆದೆ.

ಹೇಗೆ ಅಂತ ಸ್ವಲ್ಪ ಜಾಸ್ತಿನೇ ಹೇಳ್ತೀನಿ. ಬೇಧಿ ಆಗಿ ಸುಸ್ತಾಗಿದ್ದ ಅಜ್ಜಿ ರಾತ್ರಿ ಅಡ್ಮಿಟ್ ಆದರು. ಮಗ ಒಂದು ಪ್ಲಾಸ್ಟಿಕ್ ಕವರ್ ತುಂಬ ಮಾತ್ರೆ, ಮಡಚಿ ಮಡಚಿ ಹರಿಯೋಕೆ ಬಂದಿದ್ದ ಒಂದು ಚೀಟಿ ಕೊಟ್ಟರು. ಬಿಪಿ ಮಾತ್ರೆ ಓಡಿ (OD, ಅಂದ್ರೆ ದಿನಕ್ಕೊಮ್ಮೆ), ಥೈರಾಯ್ಡ್ ಓಡಿ, ಗ್ಯಾಸ್ಟ್ರಿಕ್‌ದು ಓಡಿ. ಹೀಗೆ ಕೆಳಗಿಳಿಯುತ್ತಾ ಮೆಥೋಟ್ರೆಕ್ಸೇಟ್ 7.5 ಬಂತು, ಅದಕ್ಕೂ ಓಡಿ ಹಾಕಿದೆ. ಚೀಟಿಯಲ್ಲಿ ಆ ಸಾಲಿನ ತುದಿಗೆ, ಸರಿಯಾಗಿ ಮಡಿಕೆ ಬಿದ್ದ ಕಡೆ, ಭಾನುವಾರ ಅಂತ ಇತ್ತು. ನಾನು ಮಡಿಕೆ ಬಿಡಿಸಿ ನೋಡಲಿಲ್ಲ. ಆದರೆ ನೋಡದೇ ಇದ್ದದ್ದು ದೊಡ್ಡ ತಪ್ಪಲ್ಲ ಅಂತಲೇ ಈಗಲೂ ನನ್ನ ಅಭಿಪ್ರಾಯ. ದೊಡ್ಡ ತಪ್ಪು ಆಮೇಲಿನದು. ಸಿಸ್ಟರ್ ಬಂದು "ಡಾಕ್ಟ್ರೇ, ಇದು ದಿನಾ ಕೊಡೋದಾ?" ಅಂತ ಕೇಳಿದರು. ನಾನು ತಲೆ ಎತ್ತದೆ "ಚೀಟೀಲಿ ಹಾಗೇ ಇದೆ ಸಿಸ್ಟರ್" ಅಂದೆ. ಇರಲಿಲ್ಲ. ನಾನು ಬರೆದಿದ್ದನ್ನೇ ಚೀಟಿಯಲ್ಲಿದ್ದದ್ದು ಅಂತ ನಂಬಿಬಿಟ್ಟಿದ್ದೆ.

ಮರುದಿನದಿಂದ ಕೇಸ್ ಶೀಟ್‌ನಲ್ಲಿ ಸಿಎಸ್‌ಟಿ, ಅಂದ್ರೆ ಕಂಟಿನ್ಯೂ ಸೇಮ್ ಟ್ರೀಟ್‌ಮೆಂಟ್. ನಿಮ್ಮ ವಾರ್ಡಿನಲ್ಲೂ ಇದೇ ನಡೀತಿರುತ್ತೆ, ಅಲ್ವಾ? ನಾನು ಸಿಎಸ್‌ಟಿ, ಪಿಜಿ (ಎಂಡಿ ಓದುತ್ತಿರೋ ಡಾಕ್ಟರ್) ಸಿಎಸ್‌ಟಿ, ರೌಂಡ್ಸ್‌ಗೆ ಬಂದ ಸರ್ ಕೂಡ ಸಿಎಸ್‌ಟಿ. ಅಜ್ಜಿ ಗಂಜಿ ಲೋಟ ಪಕ್ಕಕ್ಕೆ ತಳ್ಳಿದಾಗ ಆಸ್ಪತ್ರೆ ಗಂಜಿ ಸೇರಲ್ಲ ಅಂದುಕೊಂಡೆ. ಬಾಯಿ ಹುಣ್ಣು ಅಂದಾಗ ಬಿ ಕಾಂಪ್ಲೆಕ್ಸ್ ಬರೆದೆ. ನೋಡಿ, ನಾನೇ ಬರೆದ ಔಷಧಿಯಿಂದ ಎದ್ದ ಹುಣ್ಣಿಗೆ ಇನ್ನೊಂದು ಮಾತ್ರೆ! ಈ ಔಷಧಿ ಫೋಲೇಟ್ ಕೆಲಸ ಮಾಡದಂತೆ ತಡೆಯುತ್ತೆ. ಬೇಗ ಬೇಗ ಹುಟ್ಟೋ ಜೀವಕೋಶಗಳಿಗೆ ಮೊದಲ ಏಟು, ಅಂದ್ರೆ ಬಾಯಿ, ಕರುಳು, ಮೂಳೆ ಮಜ್ಜೆ. ಹೊರಗೆ ಹೋಗೋದು ಕಿಡ್ನಿ ಮೂಲಕ, ಬೇಧಿಯಾಗಿ ನೀರು ಕಳೆದುಕೊಂಡ ಅಜ್ಜಿಯ ಕಿಡ್ನಿ ಮೊದಲೇ ಸೋತಿತ್ತು. ಬಿಳಿ ರಕ್ತಕಣ ಕುಸಿದ ರಿಪೋರ್ಟ್ ಬಂದ ಮೇಲೆ ಪಿಜಿ ಒಬ್ಬರು ಕೇಸ್ ಶೀಟ್ ಮೊದಲ ಪುಟದವರೆಗೂ ತಿರುವಿದರು. ಇದರ ವಿಷ ಇಳಿಸೋ ಲ್ಯುಕೊವೊರಿನ್ ನಮ್ಮ ಸ್ಟೋರ್‌ನಲ್ಲಿ ಇರಲಿಲ್ಲ, ಮಗ ಹೊರಗಿನ ಮೆಡಿಕಲ್‌ನಿಂದ ತಂದರು. ಐಸಿಯು ಕಂಡು ಅಜ್ಜಿ ಉಳಿದರು. ನನಗೆ ಪೋಸ್ಟಿಂಗ್ ಎಕ್ಸ್‌ಟೆನ್ಷನ್ ಆಯಿತು, ಆ ಸಲದ ಪಿಜಿ ಸೀಟು ಹೋಯಿತು.

ಕ್ಲಿನಿಕಲ್ ಬಿಡೋ ಮಾತಿಗೆ ಬರೋಣ. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ 19 ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ಮಾಡಿಸಿತ್ತು, 2009ರಲ್ಲಿ ವರದಿ ಬಂತು. ಮೊದಲ ವರ್ಷದ ಡಾಕ್ಟರುಗಳು ಬರೆದ ಔಷಧಿಗಳಲ್ಲಿ ಶೇ 8.4ರಷ್ಟು ತಪ್ಪು. ಎರಡನೇ ವರ್ಷದವರದ್ದು ಇನ್ನೂ ಜಾಸ್ತಿ, 10.3. ದೊಡ್ಡ ಕನ್ಸಲ್ಟಂಟ್‌ಗಳದ್ದೂ 5.9. ಹೆಚ್ಚಿನವು ರೋಗಿಗೆ ತಲುಪೋ ಮೊದಲೇ ನರ್ಸ್, ಫಾರ್ಮಸಿಸ್ಟ್ ಕಣ್ಣಿಗೆ ಬಿದ್ದಿದ್ದವು. ತಪ್ಪು ಬರೆದವರೆಲ್ಲ ಬಿಟ್ಟುಹೋದರೆ ಯಾವ ವಾರ್ಡಿನಲ್ಲೂ ಡಾಕ್ಟರ್ ಇರಲ್ಲ ಬಿಡಿ.

ಹಾಗಾಗಿ ಬಾಯಿಪಾಠ ಬೇಡ. ಸಿಸ್ಟರ್ ಕೇಳಿದರೆ ಉತ್ತರ ಕೊಡೋಕೆ ಮೊದಲು ಎದ್ದು ಹೋಗಿ ಹಾಳೆ ನೋಡಿ. ನಿಮಗೆ ಖಾತ್ರಿ ಇದ್ದಾಗ ಇನ್ನೂ ಮುಖ್ಯವಾಗಿ ನೋಡಿ. ಯೂನಿಟ್ ಅಂತ ಪೂರ್ತಿ ಬರೆಯಿರಿ. ವಾರದ ಮಾತ್ರೆಗೆ ವಾರದ ಹೆಸರು ಬರೆಯಿರಿ. 1.0 ಅಂತ ಬರೆಯಬೇಡಿ, ಚುಕ್ಕಿ ಮಾಸಿದರೆ 10 ಆಗುತ್ತೆ. ಸಿಎಸ್‌ಟಿ ಬರೆಯೋದನ್ನಂತೂ ಬಿಟ್ಟೇಬಿಡಿ, ಪಿಜಿ ನಕ್ಕರೂ ಪರವಾಗಿಲ್ಲ. ಕಿಡ್ನಿ ಡೋಸ್ ನೋಡೋಕೆ ಫೋನಿನಲ್ಲಿ ಆ್ಯಪ್ ಇಟ್ಟುಕೊಳ್ಳಿ, ಅದಕ್ಕೆ ನನ್ನ ತಕರಾರಿಲ್ಲ.

ನಿನ್ನೆಯ ವಿಷಯವನ್ನು ನಾಳೆ ರೌಂಡ್ಸ್‌ನಲ್ಲಿ ನೀವಾಗೇ ಹೇಳಿ. ಬೈದರೆ ಬೈಸಿಕೊಳ್ಳಿ. ಹಾಗೇ ನಿಮ್ಮ ವಾರ್ಡಿನ ಫ್ರಿಜ್ ತೆಗೆದು ನೋಡಿ. ಒಂದು ಎಂಎಲ್‌ಗೆ 40 ಯೂನಿಟ್ ಇರೋ ಇನ್ಸುಲಿನ್ನು, 100 ಯೂನಿಟ್ ಇರೋ ಇನ್ಸುಲಿನ್ನು ಎರಡೂ ಒಟ್ಟಿಗೆ ಇದ್ದು, ಪಕ್ಕದ ಟ್ರೇಯಲ್ಲಿ 40ರ ಕೆಂಪು ಮುಚ್ಚಳದ, 100ರ ಕೇಸರಿ ಮುಚ್ಚಳದ ಸಿರಿಂಜು ಎರಡೂ ಬೆರೆತಿದ್ದರೆ ಅದನ್ನೂ ಅಲ್ಲೇ ಹೇಳಿಬಿಡಿ. 100ರದ್ದನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತೆ, ಆಗ ನಿಮ್ಮ ಅಕ್ಷರ ಎಷ್ಟು ದುಂಡಗಿದ್ದರೂ ಉಪಯೋಗ ಇಲ್ಲ.