ಹುಬ್ಬಳ್ಳಿಯಲ್ಲಿ ರಾಕ್ ಬ್ಯಾಂಡ್ ಕೇಳೋರು ಇದ್ದಾರಾ?

ಕೆಲಸಕ್ಕೆ ಅಂತ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬರ್ತಿದ್ದೀರಿ, ಇಲ್ಲಿ ರಾಕ್, ರಾಕಬಿಲಿ (ಕಂಟ್ರಿ, ಬ್ಲೂಸ್ ಬೆರೆತ ಐವತ್ತರ ದಶಕದ ಅಮೆರಿಕನ್ ರಾಕ್) ನುಡಿಸೋ ಬ್ಯಾಂಡ್ ಇವೆಯಾ, ಕೇಳೋರು ಇದ್ದಾರಾ ಅಂತ ಕೇಳಿದ್ದೀರಿ. ಕೇಳೋರು ಇದ್ದಾರೆ. ಆದರೆ ಪಬ್‌ನಲ್ಲಿ ಹುಡುಕಬೇಡಿ.

ಕಾಲೇಜಿನಲ್ಲಿದ್ದಾಗ ನಾವು ನಾಲ್ವರು ಸೇರಿ ಬ್ಯಾಂಡ್ ಮಾಡಿಕೊಂಡಿದ್ದೆವು. ನನ್ನದು ಬಾಸ್ ಗಿಟಾರ್. ನಮಗೆ ಸಿಗುತ್ತಿದ್ದದ್ದು ಕಾಲೇಜಿನ ಗ್ಯಾದರಿಂಗ್, ಯಾರದೋ ರಿಸೆಪ್ಶನ್, ಗಣಪತಿ ಪೆಂಡಾಲು, ಅಷ್ಟೇ. ಇಂಗ್ಲಿಷ್ ಹಾಡು ಶುರು ಮಾಡಿದರೆ ಮುಂದಿನ ಸಾಲಿನಲ್ಲಿದ್ದ ಗೆಳೆಯರು ತಲೆ ಕುಣಿಸುತ್ತಿದ್ದರು. ಉಳಿದವರು ಆರಾಮಾಗಿ ಶೇಂಗಾ ತಿನ್ನುತ್ತಿದ್ದರು.

ಒಂದು ಗಣಪತಿಯಲ್ಲಿ ವಯಸ್ಸಾದ ಅಜ್ಜ ಒಬ್ಬರು ಸ್ಟೇಜ್ ಹತ್ತಿರ ಬಂದರು. 'ತಮ್ಮಾ, ಗದ್ದಲ ಛಲೋ ಐತಿ. ಶರೀಫಜ್ಜಂದು ಒಂದ್ ಬರ್ತದೇನು?' ಅಂದರು. ನಮಗೆ ಬರುತ್ತಿದ್ದದ್ದು 'ಸೋರುತಿಹುದು ಮನೆಯ ಮಾಳಿಗಿ' ಒಂದೇ. ಪ್ರಾಕ್ಟೀಸ್ ಇಲ್ಲ, ಏನಿಲ್ಲ. ಗಿಟಾರಿಗೆ ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡೋ ಎಫೆಕ್ಟ್) ಹಾಕಿ ಶುರು ಮಾಡೇಬಿಟ್ಟೆವು. ಸೌಂಡ್ ಸಿಸ್ಟಮ್‌ನವನು ಮೈಕಿಗೆ ಇಕೋ ಎಷ್ಟು ಕೊಟ್ಟಿದ್ದ ಅಂದರೆ ನಮ್ಮ ಗಾಯಕನಿಗೆ ತನ್ನ ದನಿಯೇ ಗೊತ್ತಾಗುತ್ತಿರಲಿಲ್ಲ. ಎರಡನೇ ಸಾಲಿಗೆ ಅವನು ಹಾಡೋದೇ ಬಿಟ್ಟ. ಬೇಕೂ ಇರಲಿಲ್ಲ, ಇಡೀ ಓಣಿ ಹಾಡುತ್ತಿತ್ತು. ಮರುವರ್ಷ ಅದೇ ಓಣಿಯವರು ಮತ್ತೆ ಕರೆಸಿದರು. ಅಜ್ಜ ಕುರ್ಚಿ ತಂದು ಮೊದಲೇ ಕೂತಿದ್ದರು!

ಶರೀಫರ ಶಿಶುನಾಳ ಇಲ್ಲೇ ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. 1889ರಲ್ಲಿ ತೀರಿಕೊಂಡವರ ಪದಗಳು ಇಲ್ಲಿನವರಿಗೆ ಇವತ್ತಿಗೂ ಬಾಯಿಪಾಠ. ರಘು ದೀಕ್ಷಿತ್ 2008ರ ಆಲ್ಬಂನಲ್ಲಿ 'ಗುಡುಗುಡಿಯ ಸೇದಿ ನೋಡೋ' ಹಾಡಿದ ಮೇಲೆ ನಮ್ಮಂಥವರಿಗೆ ಧೈರ್ಯ ಜಾಸ್ತಿ ಆಯಿತು ಅನ್ನಿ.

ರಾಕಬಿಲಿ ಮಾತ್ರ ನುಡಿಸೋ ಬ್ಯಾಂಡನ್ನು ನಾನು ಇಲ್ಲಿ ನೋಡಿಲ್ಲ. ನನಗದು ಭಾಳ ಇಷ್ಟ. 1954ರಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್ ಪ್ರೀಸ್ಲಿ ಮೊದಲ ಸಿಂಗಲ್ ರೆಕಾರ್ಡ್ ಮಾಡಿದಾಗ ಜೊತೆಗೆ ಡ್ರಮ್ಮರ್ರೇ ಇರಲಿಲ್ಲ. ಗಿಟಾರಿಗೆ ಸ್ಕಾಟಿ ಮೂರ್, ನೆಟ್ಟಗೆ ನಿಲ್ಲಿಸಿ ನುಡಿಸೋ ದೊಡ್ಡ ಡಬಲ್ ಬಾಸ್‌ಗೆ ಬಿಲ್ ಬ್ಲ್ಯಾಕ್. ಬಾಸ್ ತಂತಿಯನ್ನು ಎಳೆದು ಬಿಟ್ಟರೆ ಅದು ಕಟ್ಟಿಗೆಗೆ ಟಪ್ ಅಂತ ಬಡಿಯುತ್ತದೆ. ತಾಳಕ್ಕೆ ಅದೇ ಸಾಕಾಯಿತು. ನಮ್ಮ ಡ್ರಮ್ಮರ್ ಗದಗಿನಿಂದ ಬರೋ ಬಸ್ಸು ತಪ್ಪಿಸಿಕೊಂಡ ದಿನ ನಾನೂ ಹಾಗೇ ಮಾಡಲು ಹೋದೆ. ಮೂರನೇ ಹಾಡಿಗೆ ತೋರುಬೆರಳ ತುದಿಯಲ್ಲಿ ಬೊಬ್ಬೆ. ನನ್ನದು ಎಲೆಕ್ಟ್ರಿಕ್ ಬಾಸ್, ಆ ಟಪ್ ಸದ್ದು ಬರಲೇ ಇಲ್ಲ.

ಬರೋದಾದರೆ ಹೋಳಿ ಹೊತ್ತಿಗೆ ಬನ್ನಿ. ಆಗ ಜಗ್ಗಲಿಗೆ ಹೊರಗೆ ಬರುತ್ತವೆ. ಚಕ್ಕಡಿ ಗಾಲಿಯಷ್ಟು ದೊಡ್ಡ ಬಳೆಗೆ ಚರ್ಮ ಬಿಗಿದ ವಾದ್ಯ ಅದು. ಎದುರಿಗೆ ನಿಂತರೆ ಸದ್ದು ಮೊದಲು ಎದೆಗೆ ಬಡಿಯುತ್ತದೆ, ಆಮೇಲೆ ಕಿವಿಗೆ. ಯಾವ ಆಂಪ್ಲಿಫೈಯರೂ ಬೇಡ.

ಅಂದಹಾಗೆ ನೀವು ಏನಾದರೂ ನುಡಿಸ್ತೀರಾ? ನಮ್ಮ ಡ್ರಮ್ಮರ್ ಈಗ ಪುಣೆಯಲ್ಲಿದ್ದಾನೆ, ಗಣಪತಿ ಹತ್ತಿರ ಬಂತು.