ಮೂರು ವಾಲ್ವಿನ ಯೂಫೋನಿಯಂ ಬದಲಿಸಬೇಕಾ?

ಶಾಲೆಯ ಬ್ಯಾಂಡಿನಲ್ಲಿ ಯೂಫೋನಿಯಂ (ಟ್ಯೂಬಾದಂಥ, ಅದಕ್ಕಿಂತ ಚಿಕ್ಕ ಹಿತ್ತಾಳೆಯ ಊದುವಾದ್ಯ) ನುಡಿಸುವ ಮಗಳ ಕೆಳಗಿನ ಸ್ವರಗಳು ಸರಿಯಾಗಿ ಬರುತ್ತಿಲ್ಲ, ವಾದ್ಯ ಬದಲಿಸಬೇಕಾ ಅಂತ ಕೇಳಿದ್ದೀರಿ. ಕೆಳಗಿನ ಸಿ, ಬಿ ನ್ಯಾಚುರಲ್ ಎರಡೇ ಶಾರ್ಪ್ (ಇರಬೇಕಾದ್ದಕ್ಕಿಂತ ಏರು) ಆಗುತ್ತಿದ್ದರೆ ತಪ್ಪು ಮಗಳದ್ದಲ್ಲ, ಬಹುಶಃ ವಾದ್ಯದ್ದು. ಇವಕ್ಕಾಗಿ 1-3 ಅಥವಾ 1-2-3 ವಾಲ್ವ್ (ಬೆರಳಲ್ಲಿ ಒತ್ತುವ ಗುಂಡಿ) ಒಟ್ಟಿಗೆ ಒತ್ತಿದಾಗ ಕೊಳವೆಯ ಉದ್ದ ಸಾಲುವುದಿಲ್ಲ, ಸ್ವರ ಏರುತ್ತದೆ. ಮಧ್ಯದ ಸ್ವರಗಳೂ ಏರುತ್ತಿದ್ದರೆ ಮಾತ್ರ ಕಾರಣ ಬೇರೆ ಇರಬಹುದು.

ಮೊದಲು ಮೂರನೇ ವಾಲ್ವಿನ ಸ್ಲೈಡ್ (ಎಳೆದು ಉದ್ದ ಮಾಡಬಹುದಾದ ಕೊಳವೆ) ಸ್ವಲ್ಪ ಹೊರಗೆಳೆದು ಊದಿಸಿ. 2-3ರ ಸ್ವರ ಕೊಂಚ ಇಳಿಯುತ್ತದೆ, ಆದರೂ ಖರ್ಚಿಲ್ಲ ಅಲ್ವಾ?

ಅದು ಸಾಲದಿದ್ದರೆ ನಾಲ್ಕು ವಾಲ್ವಿನದು ನೋಡಿ. ಸಿಗೆ 4, ಬಿಗೆ 2-4 ಒತ್ತಿದರಾಯಿತು. ಶಾಲೆಯ ಬ್ಯಾಂಡಿಗೆ ಯಮಹಾ 321 ತರಹದ್ದು ಧಾರಾಳ ಸಾಕು. ಕಾಂಪೆನ್ಸೇಟಿಂಗ್ ಮಾದರಿ (ಕೆಳಗಿನ ಸ್ವರ ಏರದಂತೆ ಹೆಚ್ಚುವರಿ ಕೊಳವೆ ಇರುವಂಥದ್ದು) ಬೇಕಾಗುವುದು ಇನ್ನೂ ಕೆಳಗಿನ ಸ್ವರಗಳಿರುವ ಸೋಲೋ ನುಡಿಸುವವರಿಗೆ. ಬೆಲೆಯೂ ಭಾರವೂ ಜಾಸ್ತಿ. ಹನ್ನೊಂದು ವರ್ಷದವಳ ತೊಡೆ ಮೇಲೆ ಸುಮ್ನೆ ಯಾಕೆ ಹೇರಬೇಕು?

ಹಳೆಯದು ಕೊಳ್ಳುವುದಾದರೆ ವಾಲ್ವ್ ಒತ್ತದೆ ಅದರ ಸ್ಲೈಡ್ ಎಳೆಯಿರಿ, ಒಂದು ಕ್ಷಣ ಬಿಟ್ಟು ವಾಲ್ವ್ ಒತ್ತಿ. 'ಟಪ್' ಅಂತ ಸದ್ದು ಬಂದರೆ ಗಾಳಿ ಸೋರುತ್ತಿಲ್ಲ. ಸದ್ದೇ ಇಲ್ಲದಿದ್ದರೆ ವಾಲ್ವಿಗೆ ಎಣ್ಣೆ ಹಾಕಿ ಇನ್ನೊಮ್ಮೆ ನೋಡಿ. ಆಗಲೂ ಇಲ್ಲ ಅಂದರೆ ಬಿಟ್ಟುಬಿಡಿ.

ಈಗಿನ ಮೌತ್‌ಪೀಸ್ ಜೊತೆಗೇ ಒಯ್ಯಿರಿ. ಅದರ ಶ್ಯಾಂಕ್ (ವಾದ್ಯದೊಳಗೆ ತೂರಿಸುವ ತುದಿ) ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಅಳತೆಯಲ್ಲಿ ಬರುತ್ತದೆ, ಕೂರದಿದ್ದರೆ ಅದನ್ನೂ ಹೊಸದಾಗಿ ಕೊಳ್ಳಬೇಕು.